ಕಗ್ಗಲಿಯ ಹೆತ್ತವಳು

ಗೋಡೆಯ ಮೇಲಿದ್ದ ಕಗ್ಗಲಿಗೆ ಹಲ್ಲುಗಳೆಲ್ಲ ಇದ್ದವು. ಸಂಜೀವಯ್ಯನವರ ಕಣ್ಣಿಗೆ ಮೊದಲು ಬಿದ್ದದ್ದು ಅದೇ, ಮೈ ಉರಿದದ್ದೂ ಅದಕ್ಕೇ. ಅವರು ಬರೆದ ಐದನೆಯ ಪುಸ್ತಕದಲ್ಲಿ ಉಪ್ಪಿನ ಗಣಿಯ ಕಾವಲುಗಾರ ಗದೆ ಬೀಸಿ ಅವನ ಮುಂದಿನ ಹಲ್ಲೊಂದನ್ನು ಉದುರಿಸಿದ್ದ. ಅಲ್ಲಿಂದ ಮುಂದಿನ ಪುಸ್ತಕಗಳಲ್ಲೆಲ್ಲ ಕಗ್ಗಲಿ ಸಿಟ್ಟಿನಿಂದ ಮಾತಾಡಿದಾಗ ಆ ಸಂದಿಯಲ್ಲಿ ಗಾಳಿ ಸುಯ್ಯೆನ್ನುತ್ತಿತ್ತು, ಆ ಸದ್ದಿಗೇ ಕೋಟೆ ಕಾಯುವವರ ಕೈ ಬೆವರುತ್ತಿತ್ತು. ಇಲ್ಲಿ, ಜೆ.ಪಿ. ನಗರದ ಈ ಮೂರನೆಯ ಮಹಡಿಯ ಆಫೀಸಿನಲ್ಲಿ, ನೆಲದಿಂದ ಸೂರಿನವರೆಗೆ ಅಂಟಿಸಿದ ಚಿತ್ರದಲ್ಲಿ ಅವನು ಟೂತ್‌ಪೇಸ್ಟ್ ಮಾರುವವನ ಹಾಗೆ ಹಲ್ಲು ಬಿಟ್ಟುಕೊಂಡು ನಿಂತಿದ್ದ. ಮೈಬಣ್ಣ ಜೇನುತುಪ್ಪದ್ದು. ಎದೆಯ ಮೇಲೆ ಒಂದು ರೋಮವಿರಲಿಲ್ಲ. ಕಿವಿಯಲ್ಲಿ ಹರಳಿನ ಕಡಕು, ಕೈಯಲ್ಲಿ ಎರಡು ಮಾರುದ್ದದ ಖಡ್ಗ. ಕಗ್ಗಲಿ ಜೀವಮಾನದಲ್ಲಿ ಖಡ್ಗ ಹಿಡಿದವನಲ್ಲ. ಅವನದು ಕಲ್ಲು ಒಡೆಯುವ ಸುತ್ತಿಗೆ. ಖಡ್ಗ ಹಿಡಿದವರು ಅವನೆದುರು ಬಂದು ಆ ಸುತ್ತಿಗೆಯನ್ನು ನೋಡಿ ನಗುತ್ತಿದ್ದರು, ಆಮೇಲೆ ನಗುತ್ತಿರಲಿಲ್ಲ. ಕತೆಯ ರುಚಿಯೇ ಅಲ್ಲಿತ್ತು. ಇದನ್ನು ಯಾರಿಗಾದರೂ ಹೇಳಬೇಕೆಂದು ಅವರು ಬಾಯಿ ತೆರೆದರು. ಪಕ್ಕದಲ್ಲಿದ್ದ ಮಗಳು ಪದ್ಮಶ್ರೀ ಮೊಣಕೈ ಒತ್ತಿದಳು.

“ಅಪ್ಪ, ಬಂದ ತಕ್ಷಣ ಮುಖ ಗಂಟು ಹಾಕ್ಕೋಬೇಡಿ. ಅವ್ರೂ ಪಾಪ ಆಸೆಯಿಂದ ಮಾಡ್ತಿದಾರೆ.”

ಅವಳು ಹೈಸ್ಕೂಲ್ ಟೀಚರು. ಶನಿವಾರದ ಅರ್ಧ ದಿನಕ್ಕೆ ರಜೆ ಹಾಕಿ, ಒಳ್ಳೆಯ ಸೀರೆ ಉಟ್ಟು, ವಸಂತಪುರದಿಂದ ಅಪ್ಪನನ್ನು ಕರೆತಂದಿದ್ದಳು. ಕರೆತಂದಿದ್ದಳು ಅಂದರೆ, ಈ ಸಿನಿಮಾದವರೇ ಕಾರು ಕಳಿಸಿದ್ದರು. ಆ ಕಾರು ಗಲ್ಲಿಯೊಳಗೆ ತಿರುಗಲಾರದೆ ಹಿಂದೆಮುಂದೆ ಆಡಿ, ಎದುರು ಮನೆಯವರ ತುಳಸಿ ಕುಂಡಕ್ಕೆ ತಾಗಿ, ಇಡೀ ರಸ್ತೆಗೆ ಸಂಜೀವಯ್ಯನವರು ಎಲ್ಲೋ ಹೊರಟಿದ್ದಾರೆಂದು ಸಾರಿತ್ತು. ಹೊರಡುವಾಗ ಹೆಂಡತಿ ಲತಾಮಣಿ ಹಟ ಮಾಡಿ ಕೋಟು ತೊಡಿಸಿದ್ದಳು. ಆ ಕೋಟಿನ ನುಸಿಗುಳಿಗೆಯ ವಾಸನೆ ಈಗ ಈ ಏಸಿ ಕೋಣೆಯಲ್ಲಿ ಅವರಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಿತ್ತು. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಮನುಷ್ಯ ಒಂದು ಕೋಟಿಗೆ ನಾಚಿಕೊಳ್ಳಬೇಕಾದದ್ದು ಎಂಥ ಕರ್ಮ! ನಲವತ್ತು ವರ್ಷ ಯಾರಿಗೂ ಬೇಡವಾಗಿ ತಣ್ಣಗಿದ್ದವನನ್ನು ಎಬ್ಬಿಸಿ ತಂದು ಕೂರಿಸಿದ್ದಾರೆ. ಕಗ್ಗಲಿಯನ್ನು ರೀಬೂಟ್ ಮಾಡುತ್ತಾರಂತೆ. ಆ ಮಾತನ್ನು ಮಗಳು ಮೂರು ಸಲ ಬಿಡಿಸಿ ಹೇಳಿದ್ದಳು. ಮೂರು ಸಲವೂ ಅವರಿಗೆ ನೆನಪಾದದ್ದು ಕೆಟ್ಟುಹೋದ ಮೋಟರು.

ನಿರ್ಮಾಪಕ ದೀಪಕ್ ಒಳಗೆ ಬಂದವನೇ “ಲೆಜೆಂಡ್ ಸಾರ್ ನೀವು, ಲೆಜೆಂಡ್!” ಎಂದು ಕಾಲಿಗೆ ಬಿದ್ದ. ಮೂವತ್ತೈದರ ಹುಡುಗ, ಗಡ್ಡ ನೀಟಾಗಿ ಕೊರೆಸಿದ್ದ. ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದ ಒಬ್ಬ ಏನೋ ಸನ್ನೆ ಮಾಡಿದ. ದೀಪಕ್ ಮತ್ತೆ ಹಿಂದೆ ಹೋಗಿ, ಮತ್ತೆ ಬಂದು, ಮತ್ತೆ ಕಾಲಿಗೆ ಬಿದ್ದ. ಎರಡನೆಯ ಸಲ ಆಶೀರ್ವಾದಕ್ಕೆ ಕೈ ಎತ್ತುವುದೋ ಬೇಡವೋ ತಿಳಿಯದೆ ಸಂಜೀವಯ್ಯನವರು ಅರ್ಧ ಎತ್ತಿದರು. “ಅದೇ ಸಾರ್, ಅದೇ ಸಖತ್ತಾಗಿ ಬಂತು,” ಎಂದ ಫೋನಿನವನು. ಆಮೇಲೆ ಒಂದು ರಬ್ಬರಿನ ಖಡ್ಗ ತಂದು ಅವರ ಕೈಗೆ ಕೊಟ್ಟು, “ಕಗ್ಗಲಿ ಬರ್ತಾವ್ನೆ ಅಂತ ಒಂದ್ಸಲ ಅನ್ನಿ ಸಾರ್, ಗತ್ತಲ್ಲಿ,” ಎಂದ. ಅವರು ಅಂದರು. ಗತ್ತು ಬರಲಿಲ್ಲವೆಂದು ಮತ್ತೆ ಅನ್ನಿಸಿದರು. ಮಗಳು ಕಿಟಕಿಯಾಚೆ ನೋಡುತ್ತಿದ್ದಳು. ಅವಳ ಕಿವಿ ಕೆಂಪಾಗಿತ್ತು. ಅಪ್ಪನ ಬಗ್ಗೆ ನಾಚಿಕೆಯೋ, ಆ ಹುಡುಗರ ಬಗ್ಗೆ ಸಿಟ್ಟೋ? ಮೂರನೆಯ ಸಲ ‘ಬರ್ತಾವ್ನೆ’ ಎನ್ನುವಾಗ ತಮ್ಮದೇ ಮುಂದಿನ ಹಲ್ಲಿನ ಸಂದಿಯಿಂದ ಗಾಳಿ ಸುಯ್ಯೆಂದದ್ದು ಅವರಿಗೆ ಕೇಳಿಸಿತು. ಅಲ್ಲಿದ್ದವರಿಗೆ ಯಾರಿಗೂ ಅದು ಏನೆಂದು ಗೊತ್ತಾಗಲಿಲ್ಲ.

ಕಾಫಿ ಬರುವ ಹೊತ್ತಿಗೆ ದೀಪಕ್‌ನ ತಂದೆ ಚಿಕ್ಕಬೈರಪ್ಪನವರೂ ಬಂದರು. ಕಟ್ಟಡ ಅವರದು, ಕೆಳಗಿನ ಜಿಮ್ಮು, ಮೇಲಿನ ಪಿಜಿ, ಎಲ್ಲ ಅವರದೇ. ಬಿಳಿ ಪಂಚೆಯ ತುದಿಯನ್ನು ಕೈಯಲ್ಲಿ ಹಿಡಿದು ಎದುರಿನ ಸೋಫಾದಲ್ಲಿ ಕುಳಿತು, ಹಳೆಯ ಮನುಷ್ಯ ಹಳೆಯ ಮನುಷ್ಯನನ್ನು ನೋಡುವ ಹಾಗೆ ನೋಡಿದರು.

“ನಮ್ ಹುಡುಗನ ಕಾಲಕ್ಕೆ ಈ ಸಿನಿಮಾ ಹುಚ್ಚು. ಇರ್ಲಿ. ನೀವು ಯಾವ ಕಡೆಯೋರು?”

“ವಸಂತಪುರ.”

“ಅದು ಈಗ. ಮೂಲ?”

“ಮೂಲ ಜಯನಗರವೇ.”

ಚಿಕ್ಕಬೈರಪ್ಪನವರು ಹೊಟ್ಟೆ ಕುಣಿಸಿ ನಕ್ಕರು. “ಜಯನಗರಕ್ಕೆ ಯಾರ್ರೀ ಮೂಲದೋರು? ಅಲ್ಲೆಲ್ಲ ಹೊಲ. ನಮ್ಮಪ್ಪನ ರಾಗಿ ಹೊಲ ಇದ್ದ ಜಾಗದಲ್ಲಿ ಈಗ ಯಾರೋ ಡಾಕ್ಟ್ರು ಮನೆ ಕಟ್ಟವ್ರೆ. ಅಲ್ಲ, ಯಾವ ಪೈಕಿ ಅಂತ ಕೇಳ್ದೆ.”

ಪ್ರಶ್ನೆ ಅಷ್ಟು ಬೇಗ ಬಂತು. ಎಪ್ಪತ್ತೆಂಟು ವರ್ಷಗಳಲ್ಲಿ ಈ ಪ್ರಶ್ನೆ ಎಷ್ಟು ಬಟ್ಟೆ ಬದಲಿಸಿಕೊಂಡು ಬಂದಿದೆಯೆಂದು ಅವರಿಗೆ ನಗುವೂ ಬಂತು, ದಣಿವೂ ಆಯಿತು. ಕೆಲವರು ಊಟದ ವಿಷಯ ಎತ್ತುತ್ತಾರೆ, ಕೆಲವರು ಮನೆದೇವರನ್ನು ಕೇಳುತ್ತಾರೆ. ಈತ ನೇರವಾಗಿ ಕೇಳಿದ್ದೇ ಒಳ್ಳೆಯದಾಯಿತು. “ನಾವು ಬೌದ್ಧರು,” ಎಂದಳು ಪದ್ಮಶ್ರೀ, ಲೋಟ ಕೆಳಗಿಟ್ಟು, ತರಗತಿಯಲ್ಲಿ ಹಾಜರಿ ಕರೆಯುವ ದನಿಯಲ್ಲಿ. ಚಿಕ್ಕಬೈರಪ್ಪನವರು “ಓಹ್, ಹಾಂ, ಹಾಂ” ಎಂದು ಎರಡು ಸಲ ತಲೆಯಾಡಿಸಿ, ತಿಳಿಯಬೇಕಾದದ್ದು ತಿಳಿಯಿತೆಂಬಂತೆ ಸೋಫಾಕ್ಕೆ ಒರಗಿದರು. ಜಯನಗರ ಮೂಲವೆಂದದ್ದು ಸುಳ್ಳಾಗಿರಲಿಲ್ಲ. ಅಲ್ಲಿಯ ರಸ್ತೆಗಳಿಗೆ ಜಲ್ಲಿ ಒಡೆದವರಲ್ಲಿ ಅವರ ಅವ್ವ ಅಂಕಮ್ಮನೂ ಒಬ್ಬಳು. ಹಳೆಯ ಸೈಕಲ್ ಟ್ಯೂಬಿನ ಉಂಗುರವನ್ನು ಕಲ್ಲಿನ ಸುತ್ತ ಹಿಡಿದು, ಚೂರು ಸಿಡಿಯದ ಹಾಗೆ, ಟಕ್ ಟಕ್ಕೆಂದು ಒಂದೇ ಲಯದಲ್ಲಿ ಒಡೆಯುತ್ತಿದ್ದಳು. ಮೂರು ಕೋಲು ನೆಟ್ಟು ಹರಕು ಸೀರೆ ಹೊದಿಸಿದ ನೆರಳಿನಲ್ಲಿ ಪುಟ್ಟ ಮಗ ಕುಳಿತಿರುತ್ತಿದ್ದ. ಕಣ್ಣಿಗೆ ಧೂಳು ಬೀಳುತ್ತದೆಂದು ಅವಳು ಅವನನ್ನು ಬೆನ್ನು ತಿರುಗಿಸಿ ಕೂರಿಸುತ್ತಿದ್ದಳು. ಅವ್ವ ಇದ್ದಾಳೆಂಬುದಕ್ಕೆ ಆ ಸದ್ದೇ ಗುರುತು. ಸದ್ದು ನಿಂತರೆ ಮಾತ್ರ ತಿರುಗಿ ನೋಡಬೇಕು. ಈಗ ಆ ರಸ್ತೆಗಳ ಮೇಲೆ ಎಷ್ಟು ಸಲ ಡಾಂಬರು ಬಿದ್ದಿದೆಯೋ! ಕೆಳಗಿನ ಕಲ್ಲು ಅಂಕಮ್ಮನದೆಂದು ಯಾರಿಗೆ ಹೇಳುವುದು?

ಕಗ್ಗಲಿ ಹುಟ್ಟಿದ್ದು ಅಲ್ಲಿಂದಲೇ. ಸಂಜೀವಯ್ಯನವರು ಆಗ ಪ್ರೆಸ್ಸಿನಲ್ಲಿ ಕಂಪೋಸಿಟರ್. ನಿಂತುಕೊಂಡು ಸೀಸದ ಅಕ್ಷರಗಳನ್ನು ಒಂದೊಂದಾಗಿ ಆರಿಸಿ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ ಜೋಡಿಸುವ ಕೆಲಸ. ಪ್ರೆಸ್ಸಿನ ಮಾಲೀಕ ಬಸವಂತ ಪಾಕೆಟ್ ಕಾದಂಬರಿಗಳನ್ನು ಹೊರಡಿಸುತ್ತಿದ್ದ. ಒಂದು ತಿಂಗಳು ಬರೆಯುವವರ ಹಸ್ತಪ್ರತಿ ಬರಲೇ ಇಲ್ಲ. “ಏನಾರ ತುಂಬೋ ಮಾರಾಯ, ಹಾಳೆ ಖಾಲಿ ಬಿದ್ದಾವ,” ಎಂದ ಬಸವಂತ. ಕಾಗದದ ಮೇಲೆ ಬರೆಯದೆ ನೇರವಾಗಿ ಸೀಸದಲ್ಲೇ ಜೋಡಿಸಿದ ಮೊದಲ ವಾಕ್ಯದಲ್ಲಿ, ಕೋಟೆಗೆ ಹೋಗುವ ದಾರಿಯ ಪಕ್ಕ, ಕಲ್ಲಿನ ರಾಶಿಯ ಮರೆಯಲ್ಲಿ ಒಬ್ಬ ಹೆಂಗಸು ಹೆತ್ತಳು. ಮೂರನೆಯ ದಿನ ಮಗುವನ್ನು ನೆರಳಿಗೆ ಹಾಕಿ ಮತ್ತೆ ಸುತ್ತಿಗೆ ಹಿಡಿದಳು. ಆ ಮಗುವೇ ಬೆಳೆದು ಕಗ್ಗಲಿಯಾದ. ಪ್ರತಿ ಪುಸ್ತಕದಲ್ಲೂ ಅವನು ಯಾವುದಾದರೊಂದು ಕೋಟೆಯ ಬಾಗಿಲಿಗೆ ಬರುತ್ತಿದ್ದ. ಬಾಗಿಲವನು ಕೇಳುತ್ತಿದ್ದ, ಯಾರ ಮಗ ನೀನು? ಕಗ್ಗಲಿ ಹೇಳುತ್ತಿದ್ದ, ಕಲ್ಲೊಡೆಯುವವಳ ಮಗ. ಆಮೇಲೆ ಬಾಗಿಲು ಒಡೆಯುತ್ತಿದ್ದ. ಪುಸ್ತಕದ ಮೇಲೆ ಮಾತ್ರ ಹೆಸರು ಉದಯಮಾರ್ತಾಂಡ ಎಂದಿತ್ತು. ಸಂಜೀವಯ್ಯ ಅಂತ ಹಾಕಿದರೆ ಯಾರೂ ಕೊಳ್ಳುವುದಿಲ್ಲವೆಂದು ಬಸವಂತನೇ ಇಟ್ಟ ಹೆಸರು. ಅದಕ್ಕೂ ಅವರು ಹೂಂ ಅಂದಿದ್ದರು. ಹೂಂ ಅನ್ನುವುದು ಅವರಿಗೆ ಬೇಗ ಬರುತ್ತಿತ್ತು.

“ಸಾರ್, ನರೇಶನ್ ಶುರು ಮಾಡ್ಲಾ?”

ಕೇಳಿದವಳು ಮೈತ್ರೇಯಿ, ನಿರ್ದೇಶಕಿ. ಇಷ್ಟು ಹೊತ್ತು ಮೂಲೆಯಲ್ಲಿ ಮಾತಿಲ್ಲದೆ ಕುಳಿತಿದ್ದ ಈ ಸಣ್ಣ ಹುಡುಗಿಯೇ ನಿರ್ದೇಶಕಿಯೆಂದು ಅವರಿಗೆ ಆಗಲೇ ತಿಳಿದದ್ದು. ವಿಡಿಯೋ ಗಲಾಟೆ ಅವಳಿಗೂ ಹಿಡಿಸಿರಲಿಲ್ಲವೆಂಬುದು ಅವಳ ಮುಖದಲ್ಲಿತ್ತು. ಮಡಿಲಲ್ಲಿ ಹಳೆಯ ಪುಸ್ತಕಗಳ ಒಂದು ಕಟ್ಟು, ಪುಟಗಳ ನಡುವೆ ಬಣ್ಣದ ಚೀಟಿಗಳು. ಇವಳು ಓದಿದ್ದಾಳೆ ಎಂದು ಸಂಜೀವಯ್ಯನವರಿಗೆ ಒಂದು ಗಳಿಗೆ ಎದೆ ಹಗುರಾಯಿತು, ಮರುಗಳಿಗೆಯೇ ಕಟ್ಟಿನ ಮೇಲಿನ ಪುಸ್ತಕದ ಬೆನ್ನು ಕಂಡಿತು. ಹಳದಿ ಬೆನ್ನು. ಉಳಿದವುಗಳ ಬೆನ್ನೆಲ್ಲ ಕೆಂಪು. ಅದೂ ಇವರ ಕೈಗೆ ಸಿಕ್ಕಿತ್ತು. ಗೊತ್ತಿರಲಿಲ್ಲವೆಂದಲ್ಲ. ಹೋದ ವಾರ ಮಗಳು ಕರಾರುಪತ್ರವನ್ನು ಪ್ರಿಂಟ್ ಹಾಕಿಸಿ ತಂದಾಗ, ಕೊನೆಯ ಹಾಳೆಯ ಪಟ್ಟಿಯಲ್ಲಿ ಇಪ್ಪತ್ತೇಳು ಹೆಸರಿದ್ದವು. ಮನೆಯ ಬೀರುವಿನಲ್ಲಿದ್ದದ್ದು ಇಪ್ಪತ್ತಾರು. ಅವಳು ಮೇಲಿನಿಂದ ಓದುತ್ತ ಬರುತ್ತಿದ್ದಾಗ ಅವರು ಕೊನೆಯ ಸಾಲಿನ ಮೇಲೆ ಹೆಬ್ಬೆರಳಿಟ್ಟು, “ಎಲ್ಲ ಸರಿಯಾಗಿದೆ ಬಿಡು” ಎಂದಿದ್ದರು. ಮಗಳ ಮುಂದೆ ಹೆಬ್ಬೆರಳು ಅಡ್ಡ ಇಡುವ ತಂದೆ! ವಾರವಿಡೀ ಆ ಬೆರಳು ತಮ್ಮದಲ್ಲವೆಂಬಂತೆ ಓಡಾಡಿದ್ದರು.

ಮೈತ್ರೇಯಿ ಎದ್ದು ನಿಂತಳು. “ಓಪನಿಂಗ್. ಫುಲ್ ಡಾರ್ಕ್. ಮಗು ಅಳೋ ಸೌಂಡ್. ನಿಧಾನಕ್ಕೆ ಬೆಳಕು ಬರುತ್ತೆ, ಅರಮನೆ. ಮಹಾರಾಣಿ ಹೆತ್ತಿದಾಳೆ. ಹೊರಗಡೆ ದಂಗೆ. ದಾಸಿ ಮಗೂನ ಎತ್ಕೊಂಡು ಸುರಂಗದಲ್ಲಿ ಓಡ್ತಾಳೆ, ಕಲ್ಲಿನ ರಾಶಿ ಮೇಲೆ ಮಲಗಿಸಿ ಸತ್ತೋಗ್ತಾಳೆ. ಬೆಳಿಗ್ಗೆ ಕಲ್ಲೊಡೆಯೋಳು ಒಬ್ಳು ಬಂದು...”

“ಒಂದು ನಿಮಿಷ,” ಎಂದಳು ಪದ್ಮಶ್ರೀ. “ಇದು ಕಗ್ಗಲಿ ಕತೆ ಅಲ್ವಲ್ಲ.”

“ಮೇಡಂ?”

“ಕಗ್ಗಲಿನ ಹೆತ್ತಿದ್ದೇ ಕಲ್ಲೊಡೆಯೋಳು. ಮೊದಲ್ನೇ ಪುಸ್ತಕ, ಮೊದಲ್ನೇ ಸಾಲು. ಇಪ್ಪತ್ತಾರೂ ಓದಿದೀನಿ ನಾನು, ಒಂದೊಂದೂ ಹತ್ತು ಸಲ. ನೀವು ಸಿನಿಮಾಗೆ ಅಂತ ಅವನನ್ನ ರಾಜಕುಮಾರ ಮಾಡ್ಬಿಡೋದಾ? ಹಾಗಾದ್ರೆ ಕಗ್ಗಲಿ ಯಾಕೆ ಬೇಕು ನಿಮಗೆ? ಬೇರೆ ಯಾವುದಾದ್ರೂ ರಾಜನ್ನ ತಗೊಳ್ಳಿ, ಬೇಕಾದಷ್ಟು ಜನ ಇದಾರೆ!”

ಅವಳ ದನಿ ಏರಿತ್ತು. ಐದನೆಯ ತರಗತಿಯಲ್ಲಿ ಮೇಷ್ಟರು ಒಬ್ಬೊಬ್ಬರನ್ನೇ ನಿಲ್ಲಿಸಿ ನಿಮ್ಮ ತಾತ ಏನು ಮಾಡುತ್ತಿದ್ದರು, ಅಜ್ಜಿ ಏನು ಮಾಡುತ್ತಿದ್ದರು ಎಂದು ಕೇಳಿದ್ದ ದಿನ ಅವಳು ಮನೆಗೆ ಬಂದು ಬ್ಯಾಗು ಎಸೆದು ಹೇಳಿದ್ದಳು, ನಾನು ಕಗ್ಗಲಿ ಥರಾನೇ ಹೇಳ್ದೆ ಅಪ್ಪ, ಕಲ್ಲೊಡೆಯೋಳ ಮೊಮ್ಮಗಳು ಅಂತ. ಎಲ್ರೂ ನಕ್ರು. ನಾನು ಕೂತ್ಕೊಳ್ಳಲೇ ಇಲ್ಲ. ಆ ದಿನ ಅವರು ಅವಳನ್ನು ತಬ್ಬಿಕೊಂಡಿದ್ದರು. ಹಳದಿ ಬೆನ್ನಿನ ಪುಸ್ತಕ ಅಚ್ಚಾಗಿ ಆಗಲೇ ಎರಡು ವರ್ಷವಾಗಿತ್ತು. ತಬ್ಬಿಕೊಂಡ ಕೈಗಳೇ ಅದನ್ನೂ ಜೋಡಿಸಿದ್ದವು.

ಮೈತ್ರೇಯಿಗೆ ಸಿಟ್ಟು ಬರಲಿಲ್ಲ. ಹಳದಿ ಪುಸ್ತಕವನ್ನು ಮೆಲ್ಲನೆ ಮೇಜಿನ ಮೇಲಿಟ್ಟಳು. “ಮೇಡಂ, ಇದು ನಮ್ಮ ಐಡಿಯಾ ಅಲ್ಲ. ಸಾರ್‌ದೇ. ಕೊನೇ ಪುಸ್ತಕ, ‘ಕಗ್ಗಲಿಯ ಸಿಂಹಾಸನ’. ನಾನು ಇದನ್ನ ಫುಟ್‌ಪಾತಲ್ಲಿ ಒಂದು ಗೋಣಿಚೀಲದಿಂದ ತೆಗೆದಿದ್ದು. ಇದನ್ನ ಓದಿದ ಮೇಲೇನೇ ಸಿನಿಮಾ ಮಾಡ್ಬೇಕು ಅನ್ಸಿದ್ದು. ಇಷ್ಟು ದಿನ ಯಾರ ಮಗ ಅಂತ ಕೇಳ್ತಿದ್ದೋರೆಲ್ಲ ಕೊನೇಲಿ ಮಂಡಿ ಊರ್ತಾರೆ. ಮಾಸ್ಟರ್‌ಸ್ಟ್ರೋಕ್ ಸಾರ್ ಅದು.”

ಪದ್ಮಶ್ರೀ ಪುಸ್ತಕವನ್ನು ಮುಟ್ಟಲಿಲ್ಲ. ತಂದೆಯ ಕಡೆ ತಿರುಗಿದಳು. ಆ ಮುಖದಲ್ಲಿ ಅನುಮಾನವೇ ಇರಲಿಲ್ಲ. ಅದೇ ತಡೆಯಲಾಗದ್ದು. “ಅಪ್ಪ, ಇದು ನಿಮ್ದಲ್ಲ ಅಲ್ವಾ? ಆ ಬಸವಂತ ಬೇರೆ ಯಾರ ಕೈಲೋ ಬರೆಸಿ ನಿಮ್ಮ ಹೆಸ್ರು ಹಾಕಿದಾನೆ. ಆಗ ಹಾಗೆಲ್ಲ ಮಾಡ್ತಿದ್ರು ಅಂತ ನೀವೇ ಹೇಳಿದ್ರಿ.”

ಹೇಳಿದ್ದರು. ಅದು ನಿಜವೂ ಆಗಿತ್ತು, ಬೇರೆಯವರ ವಿಷಯದಲ್ಲಿ. ಬಾಗಿಲು ತಾನಾಗಿಯೇ ತೆರೆದಿತ್ತು. ಸುತ್ತಿಗೆ ಬೇಕಿರಲಿಲ್ಲ, ನುಸುಳಿದರೆ ಸಾಕು. “ಹೂಂ,” ಎಂದರು ಸಂಜೀವಯ್ಯನವರು. ಆಮೇಲೆ, “ಅದು ನಾನು ಬರ್ದಿದ್ದಲ್ಲ,” ಎಂದರು.

ಮಗಳು ಉಸಿರು ಬಿಟ್ಟಳು. ಮೈತ್ರೇಯಿಯ ಮುಖ ಮಾತ್ರ ಬಾಡಿತು. ಪುಸ್ತಕವನ್ನು ತಿರುಗಿಸಿ ನೋಡಿದಳು, ಪುಟ ತೆರೆದಳು, ಮುಚ್ಚಿದಳು. ದೀಪಕ್ ಒಂದು ನಿಮಿಷ ಗಡ್ಡ ತುರಿಸಿಕೊಂಡು, ಆಮೇಲೆ ಮೇಜಿಗೆ ಅಂಗೈ ಬಡಿದ.

“ಅಂಗಾದ್ರೆ ಒಳ್ಳೇದೇ ಆಯ್ತಲ್ಲ ಗುರು! ಸಾರ್ ಬರ್ದಿಲ್ಲ, ಬರ್ದೋನು ಯಾವನೋ, ಬಸವಂತ ಸತ್ತೋಗವ್ನೆ. ಅದನ್ನ ಯಾರೂ ಬಂದು ನಂದು ಅಂತ ಕೇಳಲ್ಲ. ಲಿಸ್ಟಿಂದ ಇಪ್ಪತ್ತೇಳನೇದು ತೆಗೆದಾಕು, ಉಳಿದಿದ್ದಕ್ಕೆ ಸಾರ್ ಸೈನ್ ಮಾಡ್ಲಿ. ಆ ರಾಜಕುಮಾರನ ಕತೆ ನಮ್ದೇ ಅಂತ ಇಟ್ಕೊಂಡ್ರಾಯ್ತು. ಮೇಡಂ, ನಿಮಗೂ ಬೇಜಾರಿಲ್ಲ, ಅಪ್ಪಾವ್ರ ಹೆಸ್ರಿಗೆ ಅದು ಅಂಟ್ಕೊಳಲ್ಲ. ಎಲ್ರಿಗೂ ಖುಷಿ!”

ಚಿಕ್ಕಬೈರಪ್ಪನವರು ಮಗನ ಬುದ್ಧಿಗೆ ಮೆಚ್ಚಿ ತಲೆದೂಗಿದರು. “ಅದೂ ಅಲ್ದೆ, ರಾಜನ ಮಗ ಅಂದ್ರೇನೇ ಸರಿ ಕಣಪ್ಪ. ಇಲ್ದಿದ್ರೆ ಅಷ್ಟೊಂದು ಶಕ್ತಿ ಎಲ್ಲಿಂದ ಬರ್ತದೆ?”

ಬಸವಂತನೂ ಇದನ್ನೇ ಕೇಳಿದ್ದ. ಎಲ್ಲಿಂದ ಬಂತೋ ಶಕ್ತಿ, ಓದುವವರು ಕೇಳ್ತಾರ. ಕಾಗದಗಳ ಕಟ್ಟನ್ನು ಮುಂದೆ ಹಾಕಿದ್ದ. ಮಾನ್ಯ ಉದಯಮಾರ್ತಾಂಡರೇ, ಕಗ್ಗಲಿಯ ವಂಶ ಯಾವುದು? ಇಂಥ ವೀರ ಹೀನ ಸ್ಥಿತಿಯಲ್ಲಿ ಜನಿಸಿರಲು ಸಾಧ್ಯವೇ? ಇದರಲ್ಲಿ ಏನೋ ಗುಟ್ಟಿದೆಯೆಂದು ನಾವು ಗೆಳೆಯರೆಲ್ಲ ಬಲ್ಲೆವು. ಮುತ್ತಿನಂಥ ಅಕ್ಷರ. ನಾಲ್ಕು ವರ್ಷ ಅಂಥ ಕಾಗದಗಳಿಗೆ ಉತ್ತರ ಕೊಡದೆ ಇದ್ದವರು ಐದನೆಯ ವರ್ಷ ಮೂರು ದಿನ ರಜೆ ಹಾಕಿ ಬರೆದುಕೊಟ್ಟಿದ್ದರು. ಬಲವಂತವೇನೂ ಇರಲಿಲ್ಲ, ಅದೇ ಕೊರೆಯುವುದು. ಪ್ರೆಸ್ಸು ಮುಚ್ಚುತ್ತೇನೆಂದೂ ಬಸವಂತ ಹೆದರಿಸಿರಲಿಲ್ಲ. ಒಂದು ಸಂಜೆ ಚಹಾ ಕುಡಿಯುತ್ತ ಕೇಳಿದ, ಅವರು ಹೂಂ ಅಂದರು. ಬರೆಯುವಾಗ ಖುಷಿಯೂ ಆಗಿತ್ತು. ಮಹಾರಾಣಿಯ ರೇಷ್ಮೆ, ದೀಪಗಳು, ಸಂಪಿಗೆಯ ವಾಸನೆ, ಅಲ್ಲಿ ಹುಟ್ಟಿದರೆ ಹೇಗಿರುತ್ತದೆ ಎಂದು ಮೂರು ದಿನ ತಾವೇ ಅಲ್ಲಿ ಹುಟ್ಟಿದ್ದರು. ಆ ಖುಷಿಯನ್ನು ಯಾರ ಮುಂದೆ ಒಪ್ಪಿಕೊಳ್ಳುವುದು? ಈಗ ಅದಕ್ಕೆ ಯಾರೂ ವಾರಸುದಾರರಿಲ್ಲದೆ, ಬೀದಿಗೆ ಬಿದ್ದ ವಸ್ತುವಾಗಿ, ಐದು ಭಾಷೆಗಳಲ್ಲಿ ತೆರೆಯ ಮೇಲೆ ಬರುತ್ತದೆ. ಅದನ್ನು ತಡೆಯುವ ಹಕ್ಕು ಇರುವುದು ಲೋಕದಲ್ಲಿ ಒಬ್ಬನಿಗೆ, ಅದನ್ನು ಬರೆದವನಿಗೆ. ಅವನು ಈಗತಾನೇ ತಾನಲ್ಲವೆಂದಿದ್ದ.

ಯಾರೋ ಪಟ್ಟಿಯ ಹೊಸ ಹಾಳೆ ಪ್ರಿಂಟ್ ತೆಗೆಯಲು ಎದ್ದರು. ಪದ್ಮಶ್ರೀ ಬ್ಯಾಗಿನಿಂದ ಪೆನ್ನು ತೆಗೆದು ತಂದೆಯ ಮುಂದಿಟ್ಟಳು. ದೀಪಕ್‌ನ ಜೊತೆ ಇನ್ನೂ ವಾದಿಸುತ್ತಲೇ ಇದ್ದಳು, ಹೆಸರಿಲ್ಲದವನ ಕಸವನ್ನು ಎತ್ತಿಕೊಂಡು ಕಗ್ಗಲಿಯ ತಲೆಗೆ ಯಾಕೆ ಕಟ್ಟುತ್ತೀರಿ ಎಂದು. ಕಸ ಎಂಬ ಮಾತು ಅವರಿಗೆ ಚುಚ್ಚಿತು. ಇಷ್ಟರ ಮಧ್ಯೆಯೂ ಚುಚ್ಚಿತಲ್ಲ ಎಂದು ತಮ್ಮ ಮೇಲೇ ರೇಗಿತು.

“ಪದ್ಮ,” ಎಂದರು. “ಅದು ನಂದೇ.”

“ಏನು?”

“ಆ ಪುಸ್ತಕ. ನಾನೇ ಬರ್ದಿದ್ದು. ನಾನೇ ಜೋಡ್ಸಿದ್ದು, ಕರಡು ತಿದ್ದಿದ್ದೂ ನಾನೇ.”

ಪ್ರಿಂಟರು ಹೊಸ ಹಾಳೆಯನ್ನು ಹೊರಹಾಕುತ್ತಿತ್ತು. ದೀಪಕ್ ನಗುವುದೋ ಬೇಡವೋ ಎಂದು ಅಪ್ಪನ ಮುಖ ನೋಡಿದ. “ಸಾರ್, ಈಗ್ತಾನೆ ಅಲ್ಲ ಅಂದ್ರಿ.”

“ಸುಳ್ಳು ಹೇಳ್ದೆ.”

“ಯಾಕೆ ಸಾರ್?”

ಎಂಥ ಪ್ರಶ್ನೆ! ಆ ಹುಡುಗ ನಿಜವಾಗಿಯೂ ತಿಳಿಯದೆ ಕೇಳಿದ್ದ. ಸಂಜೀವಯ್ಯನವರು ಕರಾರಿನ ಹಳೆಯ ಪ್ರತಿಯನ್ನು ಎಳೆದುಕೊಂಡು, ಕೊನೆಯ ಹಾಳೆ ತೆರೆದು, ಇಪ್ಪತ್ತೇಳನೆಯ ಸಾಲಿನ ಮೇಲೆ ಗೆರೆ ಎಳೆದರು. ಪೆನ್ನಿನ ಶಾಯಿ ಹಿಡಿಯಲಿಲ್ಲ. ಎರಡು ಸಲ, ಮೂರು ಸಲ ಎಳೆದರು. “ಇಪ್ಪತ್ತಾರು ಕೊಡ್ತೀನಿ. ಇದು ನಂದು, ಇದನ್ನ ಕೊಡಲ್ಲ. ನೀವೂ ಮಾಡ್ಬಾರ್ದು. ಹಾಗಂತ ಒಂದು ಸಾಲು ಬರ್ಕೊಳ್ಳಿ, ಅದರ ಕೆಳಗೆ ಸೈನ್ ಹಾಕ್ತೀನಿ.”

“ಸಾರ್, ಮೂರು ತಿಂಗ್ಳಿಂದ ಸ್ಕ್ರಿಪ್ಟ್ ಕೆಲ್ಸ ಆಗಿದೆ. ಬೇಕಿದ್ರೆ ಆ ಕಲ್ಲೊಡೆಯೋಳಿಗೆ ದೊಡ್ಡ ರೋಲ್ ಕೊಡೋಣ. ಸಾಕುತಾಯಿ. ಒಂದು ಲಾಲಿ ಹಾಡು ಇಡೋಣ, ಜನ ಕಣ್ಣೀರು ಹಾಕ್ಬೇಕು.”

“ಸಾಕುತಾಯಿ ಅಲ್ಲ. ಹೆತ್ತೋಳು.”

“ಸಾರ್,” ಎಂದಳು ಮೈತ್ರೇಯಿ. ಅವಳ ದನಿಯಲ್ಲಿ ಜಗಳವಿರಲಿಲ್ಲ. “ಒಂದು ಕೇಳ್ಲಾ? ಕೊನೇಲಿ ಅವನು ಯಾರೂ ಅಲ್ಲ ಅಂತಾದ್ರೆ ಜನ ಯಾಕೆ ಸಾರ್ ನೋಡ್ಬೇಕು?”

“ಯಾರೂ ಅಲ್ಲ ಅಂತ ಯಾರಮ್ಮ ಹೇಳಿದ್ದು?” ಎಂದರು ಅವರು. ಗಾಳಿ ಸುಯ್ಯೆಂದಿತು.

ಮುಂದೆ ಹೆಚ್ಚು ಮಾತಾಗಲಿಲ್ಲ. ದೀಪಕ್ ಕಾಗದಗಳನ್ನು ಜೋಡಿಸಿ ಫೈಲಿಗೆ ಹಾಕಿ, ಟೀಮಿನ ಜೊತೆ ಮಾತಾಡಿ ಫೋನ್ ಮಾಡುತ್ತೇನೆಂದ. ಆ ಫೋನು ಬರುವುದಿಲ್ಲವೆಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಬರುವಾಗ ಕಳಿಸಿದ್ದ ಕಾರು ಈಗ ಎಲ್ಲಿಗೋ ಹೋಗಿತ್ತು. ಲಿಫ್ಟಿನ ಹತ್ತಿರ ಮೈತ್ರೇಯಿ ಓಡಿ ಬಂದು ಹಳದಿ ಪುಸ್ತಕವನ್ನು ಪದ್ಮಶ್ರೀಯ ಕೈಗಿಟ್ಟು, “ನನ್ನ ಹತ್ರ ಸ್ಕ್ಯಾನ್ ಇದೆ ಮೇಡಂ, ಇದು ನಿಮ್ಮನೇಲಿರ್ಲಿ,” ಎಂದಳು. ಇನ್ನೂ ಏನೋ ಹೇಳುವವಳಿದ್ದಳು. ಲಿಫ್ಟಿನ ಬಾಗಿಲು ಮುಚ್ಚಿಕೊಂಡಿತು.

ಆಟೋ ಹಿಡಿಯಲು ಇಪ್ಪತ್ತು ನಿಮಿಷ ಬೇಕಾಯಿತು. ಮಧ್ಯಾಹ್ನದ ಬಿಸಿಲು. ಮೂವರು ವಸಂತಪುರವೆಂದರೆ ತಲೆಯಲ್ಲಾಡಿಸಿ ಹೋದರು, ನಾಲ್ಕನೆಯವನು ಹತ್ತಿಸಿಕೊಂಡ. ಕೋಟು ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಅವರು ಮಗಳ ಮಾತಿಗೆ ಕಾದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ರಸ್ತೆ ನೋಡುತ್ತಿದ್ದಳು. ನಲವತ್ತೇಳು ವರ್ಷದ ಹೆಂಗಸಿನ ಮುಖದಲ್ಲಿ ಹತ್ತು ವರ್ಷದವಳ ಮುಖ ಕಾಣುವುದೂ ಮರೆಯಾಗುವುದೂ ಆಗುತ್ತಿತ್ತು. ಯಾವ ಮುಖಕ್ಕೆ ಉತ್ತರ ಹೇಳಬೇಕೆಂದು ಅವರಿಗೆ ತಿಳಿಯಲಿಲ್ಲ. ನಿನಗೆ ಓದುಬರಹ ಕಲಿಸಿದೆ, ಬೀರುವಿನಲ್ಲಿ ಬರೀ ಒಳ್ಳೆಯದನ್ನು ಇಟ್ಟೆ, ಅದೂ ತಪ್ಪೇ? ತಪ್ಪೇ ಇರಬೇಕು. ಎದುರಿನ ಬಸ್ಸಿನವನು ಸುಮ್ಮಸುಮ್ಮನೆ ಹಾರನ್ ಒತ್ತುತ್ತಿದ್ದ. ಅವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

ಸಾರಕ್ಕಿ ಸಿಗ್ನಲ್ಲಿನಲ್ಲಿ ಆಟೋದವನು ಇಂಜಿನ್ ಆರಿಸಿದ. ಆಗ ಅವಳು ಕೇಳಿದಳು, “ಅಜ್ಜಿಗೆ ಓದಿ ಹೇಳಿದ್ರಾ, ಇದನ್ನ?”

ಅಷ್ಟನ್ನು ಮಾತ್ರ ಕೇಳದಿರಲಿ ಎಂದು ಅವರು ಅಂದುಕೊಂಡಿದ್ದರು.

“ಹೇಳ್ದೆ.”

“ಏನಂದ್ರು?”

“ಎಲ್ಲಾ ಪುಸ್ತಕಾನೂ ಅವ್ವನೇ ಮೊದ್ಲು ಕೇಳ್ತಿದ್ದಿದ್ದು. ಇದನ್ನೂ ಕೇಳ್ತು. ಪೂರ್ತಿ. ಮುಗಿದ ಮೇಲೆ, ಅಂಗಾರೆ ಅವನು ಆ ಕಲ್ಲೊಡೆಯೋಳ ಮಗ ಅಲ್ವೇನ್ಲಾ, ಅಂತು. ಅಲ್ಲ ಕಣವ್ವ, ಕತೆ ಅಷ್ಟೇ, ಅಂದೆ. ‘ಓ’ ಅಂತು. ‘ಇರ್ಲಿ ಬುಡು, ಅವನಿಗೆ ಒಳ್ಳೇದಾಯ್ತಲ್ಲ’ ಅಂತು.” ಅವರು ಕೋಟಿನ ಗುಂಡಿ ತಿರುಗಿಸಿದರು. “ಆಮೇಲೆ ಮೂರು ವರ್ಷ ಇತ್ತು ಅವ್ವ. ಕತೆ ಓದು ಅಂತ ಕೇಳ್ಲಿಲ್ಲ. ನಾನೂ ಬರೀಲಿಲ್ಲ.”

ಪದ್ಮಶ್ರೀ ಅಪ್ಪನ ಕೈ ಹಿಡಿಯಲಿಲ್ಲ. ಬ್ಯಾಗಿನ ಜಿಪ್ಪು ಎಳೆದು ಹಳದಿ ಪುಸ್ತಕ ತೆಗೆದು ಅವರ ಮಡಿಲಲ್ಲಿ, ಕೋಟಿನ ಮೇಲೆ ಇಟ್ಟಳು.

“ಓದಿ.”

“ಈಗಲಾ?”

“ಈಗಲೇ. ಮನೇಗೆ ಹೋದ್ರೆ ಅಮ್ಮ ಇರ್ತಾರೆ, ನೀವು ಓದಲ್ಲ. ನಾನೇ ಓದ್ಕೊಬಹುದು. ಆದ್ರೆ ನಿಮ್ಮ ಬಾಯಲ್ಲೇ ಕೇಳ್ಬೇಕು ನನಗೆ.”

ಆಟೋದವನು ಕನ್ನಡಿಯಲ್ಲಿ ಒಮ್ಮೆ ನೋಡಿ ಕಣ್ಣು ತಪ್ಪಿಸಿದ. ಸಂಜೀವಯ್ಯನವರು ಜೇಬಿನಲ್ಲಿ ಕನ್ನಡಕ ಹುಡುಕಿ, ಒರೆಸಿ, ಹಾಕಿಕೊಂಡರು. ಪುಟಗಳು ಕಂದುಗಟ್ಟಿ, ತಿರುವಿದರೆ ಅಂಚು ಉದುರುವ ಹಾಗಿದ್ದವು. ಮೊದಲ ಸಾಲಿನ ಮೇಲೆ ಬೆರಳಿಟ್ಟು ಓದತೊಡಗಿದರು. ಅರಮನೆ ಬಂತು, ದೀಪಗಳು ಬಂದವು. ಕೆಟ್ಟದಾಗಿರಲಿ ಎಂದು ಅವರು ಒಳಗೊಳಗೇ ಹಾರೈಸುತ್ತಿದ್ದರು. ಹಳಸಿದ, ಎಳಸಾದ, ನಗೆ ಬರಿಸುವ ಬರಹವಾಗಿದ್ದರೆ ಅರ್ಧ ಪಾಪವಾದರೂ ಕಳೆಯುತ್ತಿತ್ತು. ಹಾಗಿರಲಿಲ್ಲ. ವಾಕ್ಯಗಳು ಒಂದರ ಹಿಂದೊಂದು ನೀರಿನ ಹಾಗೆ ಸರಾಗವಾಗಿ ಬರುತ್ತಿದ್ದವು. ಉಳಿದ ಇಪ್ಪತ್ತಾರರಲ್ಲಿ ಎಲ್ಲಿಯೂ ಅವರು ಇಷ್ಟು ಚೆನ್ನಾಗಿ ಬರೆದಿರಲಿಲ್ಲ. ಕಣ್ಣೆತ್ತಿ ಮಗಳನ್ನು ನೋಡಿದರು. ಅವಳಿಗೂ ಅದು ತಿಳಿಯುತ್ತಿತ್ತು. ಅವಳು ಕನ್ನಡ ಟೀಚರು, ತಿಳಿಯದೆ ಇರುವುದು ಹೇಗೆ? ಅವಳ ಕಣ್ಣು ತುಂಬಿತ್ತು, ದವಡೆ ಬಿಗಿದಿತ್ತು.

ಸಿಗ್ನಲ್ ಬಿಟ್ಟಿತು. ಆಟೋ ಒಮ್ಮೆ ಕೆಮ್ಮಿ ಹೊರಟಿತು. ಸದ್ದಿನಲ್ಲಿ ಅವರ ಮಾತು ಕೊಚ್ಚಿಹೋಯಿತು. ಅವರು ಪುಸ್ತಕ ಮುಚ್ಚಹೋದರು.

“ಜೋರಾಗಿ,” ಎಂದಳು ಪದ್ಮಶ್ರೀ, ಅವರ ಬಾಯಿಯ ಹತ್ತಿರಕ್ಕೆ ಕಿವಿ ತಂದು. “ನಿಲ್ಲಿಸ್ಬೇಡಿ.”